ಫ್ಯಾಂಟಮ್: ಮೆಕಾಯ್ ಗೆರೆಯೋ, ಬ್ಯಾರಿ ಗೆರೆಯೋ?

ತುಮಕೂರಿನ ಹಳೇ ಪುಸ್ತಕದಂಗಡಿಯಲ್ಲಿ ಕಾಡಿನ ಮುಖವಾಡಧಾರಿ ವೀರ ಫ್ಯಾಂಟಮ್‌ನ ಕಾಮಿಕ್ಸ್ ಸಿಕ್ಕರೆ, ಚಿತ್ರ ಯಾರದು ನೋಡಿ, ಆಮೇಲೆ ಕೊಳ್ಳಿ. ಪಾತ್ರ ಲೀ ಫಾಕ್ ಅವರದು, 1936ರಲ್ಲಿ ಪತ್ರಿಕೆಯಲ್ಲಿ ಶುರುವಾದದ್ದು.

ವಿಲ್ಸನ್ ಮೆಕಾಯ್ ಗೆರೆ ಸರಳ. ಕಾಡು ಅಂದರೆ ನಾಲ್ಕು ಎಲೆ, ಅಷ್ಟೇ. ಓದು ಸರಸರ ಸಾಗುತ್ತದೆ, ಚಿಕ್ಕ ಮಕ್ಕಳಿಗೆ ಇದೇ ಸರಿ.

1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಸೈ ಬ್ಯಾರಿ ಬಂದರು. ಹೊಸಬರೇನಲ್ಲ. ಅಣ್ಣನ ‘ಫ್ಲ್ಯಾಶ್ ಗಾರ್ಡನ್’ ಕಾಮಿಕ್ಸ್‌ಗೆ ಶಾಯಿ ಹಚ್ಚಿ ಪಳಗಿದ ಕೈ. 1994ರವರೆಗೂ ಫ್ಯಾಂಟಮ್ ಬಿಡಲಿಲ್ಲ. ಇವರ ಫ್ಯಾಂಟಮ್‌ಗೆ ದವಡೆ ಇದೆ, ತೋಳಿನ ಮಡಿಕೆಯಲ್ಲಿ ನೆರಳಿದೆ, ಕಾಡಲ್ಲಿ ನಿಜವಾಗಲೂ ಕತ್ತಲಿದೆ. ಆದರೆ ಅಗ್ಗದ ಕಾಗದದಲ್ಲಿ ಸಣ್ಣ ಗೆರೆಗಳು ಕಲಸಿಹೋಗಿರುತ್ತವೆ. ಬೆಳಕಿಗೆ ಹಿಡಿದು ನೋಡಿ.

ನಾನಂತೂ ಬ್ಯಾರಿ ಕಡೆ. ನಮ್ಮ ತಮ್ಮ ಮಾತ್ರ ಮೆಕಾಯ್ ಬಿಡುವುದಿಲ್ಲ, ಸುಮ್ನೆ ಹಟ.