ಮಕ್ಕಳ ಹಾರ್ಟ್ ಡಾಕ್ಟರ್ ಆಗಿ ಕಲಿಸ್ಬೇಕು, ರಿಸರ್ಚ್ ಮಾಡ್ಬೇಕು ಅಂದ್ರೆ ಇಲ್ಲೋ ಅಮೆರಿಕಾನೋ?

ಎಂಡಿ ಪೀಡಿಯಾಟ್ರಿಕ್ಸ್ ಮುಗೀತಾ ಬಂತು, ಮುಂದೇನು ಅಂತ ಕೇಳಿದ್ಯಲ್ಲ ತಮ್ಮಾ, ಮೊದ್ಲು ವರ್ಷದ ಲೆಕ್ಕ ಹಾಕು. ಇಲ್ಲಿ ಸೂಪರ್ ಸ್ಪೆಷಾಲಿಟಿ ಎಂಟ್ರೆನ್ಸ್ ಆದ ನೀಟ್ ಎಸ್‌ಎಸ್ ಬರೆದು ಡಿಎಂ (ಎಂಡಿ ಆದ್ಮೇಲಿನ ಸೂಪರ್ ಸ್ಪೆಷಾಲಿಟಿ ಕೋರ್ಸ್) ಸಿಕ್ರೆ 3 ವರ್ಷ, ಆದ್ರೆ ಸೀಟು ತುಂಬಾ ಕಮ್ಮಿ. ಅಮೆರಿಕಾದಲ್ಲಿ ಅಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ ಆಗ್ಬೇಕು, ಸಾಮಾನ್ಯವಾಗಿ ರೆಸಿಡೆನ್ಸಿ (ಮಕ್ಕಳ ಡಾಕ್ಟರ್ ಟ್ರೈನಿಂಗ್) 3 ವರ್ಷ ಮತ್ತೆ ಮೊದ್ಲಿಂದ, ಆಮೇಲೆ ಮಕ್ಕಳ ಹಾರ್ಟ್‌ದೇ ಟ್ರೈನಿಂಗ್ ಆದ ಫೆಲೋಶಿಪ್ 3 ವರ್ಷ, ಕ್ಯಾತ್ ಲ್ಯಾಬ್ ಕೆಲ್ಸ (ರಕ್ತನಾಳದಲ್ಲಿ ಟ್ಯೂಬ್ ಹಾಕಿ ಹಾರ್ಟ್ ಚಿಕಿತ್ಸೆ ಮಾಡೋದು) ಬೇಕಂದ್ರೆ ಇನ್ನೂ ಒಂದು ವರ್ಷ. ಅಪ್ಪ ಅಮ್ಮಂಗೆ ವಯಸ್ಸಾಗಿದ್ರೆ ಇದೇ ದೊಡ್ಡ ವಿಷ್ಯ.

ಕೈ ಪಳಗೋದಕ್ಕೆ ನಮ್ಮ ಕಡೆನೇ ವಾಸಿ. ಬೆಂಗಳೂರಿನ ದೊಡ್ಡ ಹೃದಯ ಆಸ್ಪತ್ರೆಗಳಿಗೆ ವಿಎಸ್‌ಡಿ, ಟೆಟ್ರಾಲಜಿ ಅಂತ ಹುಟ್ಟಿನಿಂದ್ಲೇ ಹಾರ್ಟ್ ತೊಂದ್ರೆ ಇರೋ ಮಕ್ಕಳು ಎಲ್ಲೆಲ್ಲಿಂದಲೋ ಬರ್ತಾರೆ, ಕೆಲವರು ಲೇಟಾಗಿ ಬರ್ತಾರೆ, 2013ರಲ್ಲಿ ಶುರುವಾದ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ ಆರ್‌ಬಿಎಸ್‌ಕೆ ಸ್ಕ್ರೀನಿಂಗ್‌ನಿಂದಾನೂ ರೆಫರ್ ಆಗ್ತಾರೆ, ಹಾಗಾಗಿ ಎಕೋ ಪ್ರೋಬ್ (ಹಾರ್ಟ್ ಸ್ಕ್ಯಾನ್ ಮಾಡೋ ಸಾಧನ) ಕೆಳಗಿಡೋಕೇ ಪುರುಸೊತ್ತಿರಲ್ಲ. ಪೇಪರ್ ಬರೆಯೋದು ರಾತ್ರಿ, ಮನೆಗೆ ಬಂದ್ಮೇಲೆ!

ರಿಸರ್ಚ್‌ಗೆ ಅಲ್ಲಿ ಜಾಸ್ತಿ ಅನುಕೂಲ. ಫೆಲೋಶಿಪ್‌ನಲ್ಲೇ ಅದಕ್ಕೆ ಟೈಮ್ ಇಟ್ಟಿರ್ತಾರೆ, ಮಾಡ್ಲೇಬೇಕು ಕೂಡ. ಆದ್ರೆ ಆಮೇಲೆ ಎನ್‌ಐಎಚ್ (ಅಮೆರಿಕಾ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಗ್ರಾಂಟ್ ಸಿಗೋದು ಸುಲಭ ಇಲ್ಲ, ಮತ್ತೆ ಟ್ರೈನಿಂಗ್‌ಗೆ ಕೊಡೋ ಜೆ-1 ವೀಸಾದಲ್ಲಿ ಹೋದ್ರೆ, ವೇವರ್ (ವಿನಾಯಿತಿ) ಸಿಗದಿದ್ರೆ 2 ವರ್ಷ ವಾಪಸ್ ಬಂದು ಇಲ್ಲೇ ಇರಬೇಕು.

ದುಡ್ಡು? ಎರಡೂ ಕಡೆ ಟೀಚಿಂಗ್‌ಗಿಂತ ಪ್ರೈವೇಟ್‌ನಲ್ಲೇ ಸಾಮಾನ್ಯವಾಗಿ ಜಾಸ್ತಿ, ಅದನ್ನ ನೋಡಿ ಈ ದಾರಿಗೆ ಬರಬೇಡ.

ಜೆನೆಟಿಕ್ಸ್, ಲ್ಯಾಬ್ ಅಂತ ಹುಚ್ಚಿದ್ರೆ ಹೋಗು. ಪೇಷಂಟ್ ನೋಡ್ತಾ ಪಿಜಿ ಸ್ಟೂಡೆಂಟ್‌ಗಳಿಗೆ ಕಲಿಸೋದು ಇಷ್ಟ ಅಂದ್ರೆ ಇಲ್ಲೇ ಡಿಎಂಗೆ ಕೂತ್ಕೋ, ಬೇಕಿದ್ರೆ ಆಮೇಲೆ ಹೊರಗೆ ಒಂದು ವರ್ಷ ಫೆಲೋಶಿಪ್‌ಗೆ ಟ್ರೈ ಮಾಡ್ಬಹುದು.