ಯುಪಿಎಸ್‌ಗೆ ಟ್ಯೂಬುಲರ್ ಬ್ಯಾಟರಿಯಾ, ಸೀಲ್ಡ್ ಬ್ಯಾಟರಿಯಾ? ಎರಡನ್ನೂ ಬಳಸಿ ನೋಡಿದ ಮೇಲೆ

ಅರಸೀಕೆರೆ ಹತ್ತಿರದ ನಮ್ಮ ಊರ ಮನೆಗೆ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಟಾಲ್ ಟ್ಯೂಬುಲರ್ ಬ್ಯಾಟರಿ, ಅಂದರೆ ಆಗಾಗ ನೀರು ತುಂಬಬೇಕಾದ ಎತ್ತರದ ಬ್ಯಾಟರಿ ಹಾಕಿಸಿದ್ದೇವೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವುದು ಎಸ್‌ಎಂಎಫ್, ಅಂದರೆ ನೀರು ಹಾಕುವ ಮುಚ್ಚಳವೇ ಇಲ್ಲದ ಸೀಲ್ಡ್ ಬ್ಯಾಟರಿ. ಎರಡನ್ನೂ ತಂದಾಗಿನಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಗಂಟೆಗಟ್ಟಲೆ ಕರೆಂಟ್ ಹೋಗುವ ಕಡೆ ಟ್ಯೂಬುಲರೇ ಸರಿ, ಇದರಲ್ಲಿ ನನಗೆ ಅನುಮಾನವಿಲ್ಲ.

ಮೊದಲ ಚಾರ್ಜಿಂಗ್ ಮಾತ್ರ ಎರಡಕ್ಕೂ ಮುಖ್ಯ. ಅಂಗಡಿಯಲ್ಲಿ ಸುಮ್ನೆ ಕೂತ ಬ್ಯಾಟರಿ ತಾನಾಗಿಯೇ ಚಾರ್ಜ್ ಕಳೆದುಕೊಂಡಿರುತ್ತದೆ. ತಂದ ತಕ್ಷಣ ಫ್ಯಾನು, ಟಿವಿ ಅಂತ ಲೋಡ್ ಹಾಕದೆ ರಾತ್ರಿಯಿಡೀ ಚಾರ್ಜ್ ಆಗಲು ಬಿಡಿ. ಅದು ತುಂಬಿತೋ ಇಲ್ಲವೋ ಅಂತ ಟ್ಯೂಬುಲರ್‌ನಲ್ಲಿ ಕಣ್ಣಾರೆ ನೋಡಬಹುದು: ಕೈಗೆ ಗ್ಲೌಸ್ ಹಾಕಿಕೊಂಡು, ಮುಚ್ಚಳ ತೆಗೆದು, ಹೈಡ್ರೋಮೀಟರಿನ (ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ) ರಬ್ಬರ್ ಬಲ್ಬ್ ಒತ್ತಿ ಬಿಟ್ಟರೆ ಆ್ಯಸಿಡ್ ಮೇಲೇರುತ್ತದೆ, ಒಳಗೆ ತೇಲುವ ಕಡ್ಡಿ 1.240ರ ಆಸುಪಾಸಿನಲ್ಲಿ ನಿಲ್ಲಬೇಕು. ಆರೂ ಸೆಲ್ ನೋಡಿ. ಐದು ಸರಿಯಿದ್ದು ಒಂದು ಮಾತ್ರ 1.180 ತೋರಿಸುತ್ತಿದ್ದರೆ ವಾರಂಟಿ ಇರುವಾಗಲೇ ಅಂಗಡಿಯವರನ್ನು ಹಿಡಿಯಿರಿ. ಸೀಲ್ಡ್‌ನಲ್ಲಿ ಈ ಅನುಕೂಲ ಇಲ್ಲ. ಚಾರ್ಜಿಂಗ್ ನಿಲ್ಲಿಸಿ, ಕೆಲವು ಗಂಟೆ ಬಿಟ್ಟು, ಮಲ್ಟಿಮೀಟರಿನಲ್ಲಿ 12.8 ವೋಲ್ಟ್ ಆಸುಪಾಸು ಬಂತಾ ಅಂತ ನೋಡುವುದಷ್ಟೇ.

ಇನ್ನು ನೀರು. ನಮ್ಮೂರ ಬೋರ್ ನೀರು ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟಿಸುವಂಥದ್ದು. ಅದನ್ನು ಬ್ಯಾಟರಿಗೆ ಹಾಕುವ ಮಾತೇ ಇಲ್ಲ. ಆರ್‌ಓ ನೀರು ಆಗಲ್ವಾ ಅಂತ ಅಮ್ಮ ಕೇಳಿದ್ದಳು. ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ, ಡಿಸ್ಟಿಲ್ಡ್ ವಾಟರೇ ಬೇಕು. ಪೂರ್ತಿ ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿ, ಯಾಕೆಂದರೆ ಚಾರ್ಜ್ ಆಗುವಾಗ ಮಟ್ಟ ಏರುತ್ತದೆ, ಮೊದಲೇ ತುಂಬಿದರೆ ಉಕ್ಕಿ ಟರ್ಮಿನಲ್ ಹಾಳಾಗುತ್ತದೆ. ಆರಿ ಹೋಗುವುದು ನೀರು ಮಾತ್ರ, ಆ್ಯಸಿಡ್ ಒಳಗೇ ಇರುತ್ತದೆ. ಹಾಗಾಗಿ ಆಮೇಲೆ ಆ್ಯಸಿಡ್ ಸೇರಿಸಲೇಬೇಡಿ.

ಫ್ಲ್ಯಾಟಿನಲ್ಲಿ ಸೀಲ್ಡ್ ಬ್ಯಾಟರಿ ನೆಮ್ಮದಿ. ವಾಸನೆಯಿಲ್ಲ, ನೀರಿನ ಚಿಂತೆಯಿಲ್ಲ, ಕರೆಂಟ್ ಹೋದರೂ ಬೇಗ ಬರುತ್ತದೆ. ಆದರೆ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಡಬೇಡಿ, ಬಿಸಿ ಇದಕ್ಕೆ ಜಾಸ್ತಿ ಕೆಟ್ಟದ್ದು. ಯುಪಿಎಸ್ ಹಿಂದಿನ ಸ್ವಿಚ್ಚನ್ನು ಎಸ್‌ಎಂಎಫ್ ಕಡೆಗೇ ತಿರುಗಿಸಿ. ಟ್ಯೂಬುಲರ್ ಸೆಟ್ಟಿಂಗ್‌ನಲ್ಲಿ ವೋಲ್ಟೇಜ್ ಮೇಲೆ ಹೋದರೆ ಒಳಗಿನ ನೀರು ಗ್ಯಾಸ್ ಆಗಿ ವಾಲ್ವಿನಿಂದ ಹೊರಗೆ ಹೋಗುತ್ತದೆ, ಹೋದ ನೀರನ್ನು ಮತ್ತೆ ತುಂಬಲು ದಾರಿಯಿಲ್ಲ. ಆ ಸ್ವಿಚ್ಚೇ ಇಲ್ಲದ ಹಳೇ ಯುಪಿಎಸ್ ನಿಮ್ಮಲ್ಲಿದ್ದರೆ ಸೀಲ್ಡ್ ತರುವ ಮೊದಲು ಅದರ ಚಾರ್ಜಿಂಗ್ ವೋಲ್ಟೇಜ್ ಅಳೆಸಿ ನೋಡಿ.