ಪಿಸಿಬಿ ಡ್ರಿಲ್ ಪ್ರೆಸ್ಸಿಗೆ ಡ್ರಾಯರ್ ಚಾನೆಲ್ ಹಾಕಬೇಡಿ

ಪಿಸಿಬಿಗೆ, ಅಂದರೆ ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡಿಗೆ, ತೂತು ಕೊರೆಯುವ ಪ್ರೆಸ್ಸನ್ನು ನಾವೇ ಮಾಡಿದ್ದೆವು. ಸುಲಭವಾಗಿ ಸಿಗುತ್ತದೆ, ಸರಾಗವಾಗಿ ಜಾರುತ್ತದೆ ಎಂದು ಮೇಜಿನ ಡ್ರಾಯರ್ ಜಾರುವ ಚಾನೆಲ್ಲಿಗೆ 775 ಎಂಬ ಸಣ್ಣ ಡಿಸಿ ಮೋಟರು ಕಟ್ಟಿ, ಬಿಟ್ ಹಿಡಿಯುವ ಹಿತ್ತಾಳೆ ಚಕ್ಕಿನಲ್ಲಿ 0.8 ಮಿ.ಮೀ. ಕಾರ್ಬೈಡ್ ಬಿಟ್ ಹಾಕಿದ್ದೆವು. ಮೊದಲ ಬೋರ್ಡು ಮುಗಿಯುವಷ್ಟರಲ್ಲೇ ಬಿಟ್‌ಗಳು ಒಂದರ ಹಿಂದೊಂದು ಮುರಿದವು. ಐಸಿ (ಚಿಪ್) ಕಾಲು ಕೂರುವ ತಾಮ್ರದ ಪ್ಯಾಡುಗಳಲ್ಲಿ ತೂತು ಒಂದು ಪಕ್ಕಕ್ಕೆ ಸರಿದು, ಬೆಸುಗೆಗೆ ತಾಮ್ರವೇ ಉಳಿಯಲಿಲ್ಲ.

ಕಾರ್ಬೈಡ್ ಬಾಗುವುದಿಲ್ಲ, ಮುರಿಯುತ್ತದೆ. ನೇರ ಒತ್ತಡ ತಾಳಿಕೊಂಡರೂ ಅಡ್ಡ ಒತ್ತಡ ಅದಕ್ಕಾಗದು. ಚಾನೆಲ್ಲಿನಲ್ಲೋ ಪ್ಲೇ (ಸಡಿಲ ಅಲುಗಾಟ) ಇದ್ದೇ ಇರುತ್ತದೆ. 40 ಮಿ.ಮೀ. ಉದ್ದದ ಹಿಡಿತದಲ್ಲಿ 0.1 ಮಿ.ಮೀ. ಓರೆಯಾದರೆ, 80 ಮಿ.ಮೀ. ಕೆಳಗಿರುವ ಬಿಟ್ಟಿನ ತುದಿ 0.2 ಮಿ.ಮೀ. ಸರಿಯುತ್ತದೆ. ಅಂದರೆ ಬಿಟ್ಟಿನ ದಪ್ಪದ ಕಾಲು ಭಾಗ! ಹಾಗೆಂದು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿಗೆ ಹೋದರೆ ಫೈಬರ್‌ಗ್ಲಾಸ್ ಬೋರ್ಡು ಅದನ್ನು ಬೇಗ ಮೊಂಡು ಮಾಡುತ್ತದೆ.

ಬದಲಿಗೆ 8 ಮಿ.ಮೀ. ಗಟ್ಟಿ ಉಕ್ಕಿನ ಎರಡು ರಾಡು, ಒಂದೊಂದಕ್ಕೆ ಎರಡರಂತೆ ರಾಡಿನ ಮೇಲೆ ನೇರವಾಗಿ ಜಾರುವ ನಾಲ್ಕು ಎಲ್‌ಎಂ8ಯುಯು ಬೇರಿಂಗ್ ಹಾಕಿ. ಮೇಲಿನ ಮತ್ತು ಕೆಳಗಿನ ಬೇರಿಂಗುಗಳ ಅಂತರ, ಕೆಳಗಿನ ಬೇರಿಂಗಿನಿಂದ ಬಿಟ್ಟಿನ ತುದಿಗಿರುವ ದೂರಕ್ಕಿಂತ ಕಡಿಮೆಯಾಗದಿರಲಿ. ರಾಡು ಕೂರುವ ಎರಡು ಪ್ಲೇಟುಗಳನ್ನು ಒಂದರ ಮೇಲೊಂದಿಟ್ಟು ಕ್ಲ್ಯಾಂಪ್ ಮಾಡಿ ಒಟ್ಟಿಗೇ ತೂತು ಕೊರೆಯಿರಿ. ಬೇರೆ ಬೇರೆ ಕೊರೆದರೆ ರಾಡುಗಳು ಸಮಾನಾಂತರವಾಗದೆ, ಮೋಟರು ಹೊತ್ತು ಜಾರುವ ಭಾಗ ನಡುವೆ ಸಿಕ್ಕಿಕೊಳ್ಳುತ್ತದೆ.

ಎರಡನೇ ಕಳ್ಳ ಚಕ್ಕು. ಅಗ್ಗದ ಹಿತ್ತಾಳೆ ಚಕ್ಕಿನ ತೂತು ಶಾಫ್ಟಿಗಿಂತ ಕೂದಲೆಳೆ ದೊಡ್ಡದು. ಪಕ್ಕದ ಸ್ಕ್ರೂ ಬಿಗಿದಾಗ ಚಕ್ಕು ಒಂದು ಕಡೆಗೆ ಸರಿಯುತ್ತದೆ. 0.05 ಮಿ.ಮೀ. ಸರಿದರೂ ಒಂದು ಸುತ್ತಿನಲ್ಲಿ ಎರಡೂ ಕಡೆ ಸೇರಿ, ಸೂಕ್ಷ್ಮ ಅಲುಗಾಟ ಅಳೆಯುವ ಡಯಲ್ ಗೇಜಿನಲ್ಲಿ 0.1 ತೋರಿಸುತ್ತದೆ. ಶಾಫ್ಟಿನ ಅಳತೆಗೇ ಕೊರೆದ ಇಆರ್11 ಕಾಲೆಟ್ ಚಕ್ಕು (ಬಿಟ್ಟನ್ನು ಸುತ್ತಲಿಂದಲೂ ಸಮವಾಗಿ ಬಿಗಿಯುವಂಥದ್ದು) ಇದಕ್ಕಿಂತ ಎಷ್ಟೋ ಮೇಲು. ಮೋಟರಿನ ಶಾಫ್ಟನ್ನು ಅದರ ಉದ್ದಕ್ಕೇ ಎಳೆದು, ತಳ್ಳಿಯೂ ನೋಡಿ. ಅಲ್ಲಿ ಪ್ಲೇ ಇದ್ದರೆ ಬೋರ್ಡು ದಾಟುವ ಕ್ಷಣದಲ್ಲಿ ಬಿಟ್ ತಟ್ಟನೆ ಕೆಳಗಿಳಿದು ತಾಮ್ರ ಕಿತ್ತುಬರುತ್ತದೆ. ಬೋರ್ಡಿನ ಕೆಳಗೆ ಎಂಡಿಎಫ್ (ಒತ್ತಿ ಮಾಡಿದ ಮರದ ಹಲಗೆ) ತುಂಡು ಇಡಿ, ಪ್ರತಿ ಬೋರ್ಡಿಗೂ ಜಾಗ ಬದಲಿಸಿ.

ಪರೀಕ್ಷೆಗೆ ಮುರಿದ ಬಿಟ್ಟಿನ 3.175 ಮಿ.ಮೀ. ಶ್ಯಾಂಕೇ (ಚಕ್ಕು ಹಿಡಿಯುವ ದಪ್ಪ ಬುಡ) ಸಾಕು. ಚಕ್ಕಿಗೆ ಹಾಕಿ, ಗೇಜು ತಾಗಿಸಿ, ಕೈಯಲ್ಲಿ ತಿರುಗಿಸಿ. ಆಮೇಲೆ ಬೆರಳಿನಿಂದ ಅಡ್ಡ ಒತ್ತಿ. ಎರಡರಲ್ಲಿ ಯಾವುದು 0.05 ದಾಟಿದರೂ ಮೊದಲು ಅದನ್ನು ಸರಿಪಡಿಸಿ. ಮುರಿದ ತುಂಡು ಮುಖದತ್ತಲೇ ಸಿಡಿಯಬಹುದು, ಗಾಜಿನ ಪುಡಿ ಮೂಗಿಗೆ ಹೋಗುತ್ತದೆ. ಕನ್ನಡಕ, ಮಾಸ್ಕು ಹಾಕದೆ ಸ್ವಿಚ್ ಒತ್ತಬೇಡಿ.